ಉಪ್ಪುಗಾಳಿಯ ಗ್ಯಾಜೆಟ್ ಸಂಸಾರ

ಫೋನು, ಲ್ಯಾಪ್‌ಟಾಪು, ಕ್ಯಾಮೆರಾಗಳ ಸ್ಪೆಕ್ ಪಟ್ಟಿ ಎಲ್ಲ ಊರಿಗೂ ಒಂದೇ. ಹವೆ ಮಾತ್ರ ಊರಿಗೊಂದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಪಡುವಲಲ್ಲಿ ಕಾಪು, ಮಲ್ಪೆಯ ಉಪ್ಪುಗಾಳಿ. ಮೂಡಲಲ್ಲಿ ಕಾರ್ಕಳ ದಾಟಿದರೆ ಘಟ್ಟದ ಬುಡದ ಗುಡುಗು. ನಡುವೆ ಗುಡ್ಡದ ಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ತುಂಬಿದ ಮಣಿಪಾಲ. ಇಲ್ಲಿ ತಂತ್ರಜ್ಞಾನದ ಗೀಳು ಅಂಟಿಸಿಕೊಂಡವರ ದಿನನಿತ್ಯದ ಆಯ್ಕೆಗಳೆಲ್ಲ ಕೊನೆಗೆ ಎರಡು ಪ್ರಶ್ನೆಗಳಿಗೆ ಬಂದು ನಿಲ್ಲುತ್ತವೆ. ಈ ವಸ್ತು ಎಷ್ಟು ಮಳೆಗಾಲ ಕಂಡೀತು? ಅದು ಕೈಕೊಟ್ಟ ಮೇಲೆ ಅದರೊಳಗೆ ಇದ್ದದ್ದು ಉಳಿದೀತೆ?

ತೇವವೂ ಉಪ್ಪೂ

ಮಳೆಗಾಲದ ಕರಾವಳಿಯಲ್ಲಿ ಗಾಳಿಯ ಆರ್ದ್ರತೆ ಶೇ 85–90ರ ಆಸುಪಾಸಿನಲ್ಲಿ ವಾರಗಟ್ಟಲೆ ನಿಂತುಬಿಡುತ್ತದೆ. ಕ್ಯಾಮೆರಾ ಮಸೂರಕ್ಕೆ ಹಿತವಾದದ್ದು ಶೇ 40–50. ಶೇ 60–70 ದಾಟಿದರೆ ಗಾಜಿನ ಮೇಲೆ ಬೂಷ್ಟು ಬೇರು ಬಿಡಲು ತೊಡಗುತ್ತದೆ. ಮೊದಲು ಅದು ಜೇಡರ ಬಲೆಯ ಎಳೆಯಷ್ಟು ಸಣ್ಣಗೆ ಕಾಣುತ್ತದೆ; ಕ್ರಮೇಣ ಮಸೂರದ ಲೇಪನವನ್ನೇ ತಿನ್ನುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿನ ಮೇಲೆ ಇಡುವುದು ಇಲ್ಲಿ ಬೂಷ್ಟಿಗೆ ಆಹ್ವಾನ ಕೊಟ್ಟಂತೆ, ಏಕೆಂದರೆ ಚರ್ಮವೇ ತೇವ ಹೀರುತ್ತದೆ. ಹಣವಿದ್ದವರು ವಿದ್ಯುತ್ ಚಾಲಿತ ಡ್ರೈ ಕ್ಯಾಬಿನೆಟ್ ಕೊಳ್ಳುತ್ತಾರೆ. ಉಳಿದವರಿಗೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾಮಾಪಕ ಸಾಕು. ಕಿತ್ತಳೆ ಬಣ್ಣದ ಜೆಲ್ ನೀರು ಹೀರಿದಾಗ ಹಸಿರಾಗುತ್ತದೆ. ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಮಳೆಗಾಲದ ಹೊಸ್ತಿಲು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ಹೊತ್ತೇ ಡಬ್ಬಿಯ ಜೆಲ್ ಒಣಗಿಸಿ ಇಡುವುದಕ್ಕೂ ತಕ್ಕ ಹೊತ್ತು.

ಉಪ್ಪಿನ ಕತೆ ಬೇರೆ. ಫೋನಿನ ಮೇಲಿನ ‘ಐಪಿ67’ ಎಂಬ ಗುರುತಿನ ಅರ್ಥ, ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ ಎಂದು. ‘ಐಪಿ68’ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಎರಡೂ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. 1901ರ ದೀಪಸ್ತಂಭ ನಿಂತಿರುವ ಕಾಪುವಿನ ಬಂಡೆಯ ಬುಡದಲ್ಲಿ ತೆರೆ ಹಾರಿ ಫೋನು ತೊಯ್ದರೆ ಆ ಅಂಕಿಯ ಭರವಸೆ ಅಲ್ಲಿಗೆ ಮುಗಿಯಿತು. ಉಪ್ಪುನೀರು ಒಣಗಿದ ಮೇಲೂ ಚಾರ್ಜಿಂಗ್ ರಂಧ್ರದಲ್ಲಿ ಲವಣದ ಕಣ ಉಳಿಯುತ್ತದೆ. ಮುಂದಿನ ಸಲ ತೇವ ತಾಗಿದಾಗ ಅದೇ ಕಣ ವಿದ್ಯುತ್ತಿಗೆ ದಾರಿ ಮಾಡಿ, ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಜಲನಿರೋಧಕ ಫೋನಾದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದೆ ಇರುವುದೇ ಸರಿಯಾದ ಕ್ರಮ. ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದಿನಿಂದ ಪ್ರಯೋಜನವಿಲ್ಲ. ಅಕ್ಕಿಯ ಹುಡಿ ರಂಧ್ರ ಸೇರುವುದಷ್ಟೇ ಲಾಭ.

ಮಲ್ಪೆ ಬಂದರಿನ ದೋಣಿಗಳು ಇದನ್ನು ಮೊದಲೇ ಕಲಿತಿವೆ. ಅವುಗಳ ಜಿಪಿಎಸ್, ಮೀನಿನ ಗುಂಪನ್ನು ಶಬ್ದದಲೆಯಿಂದ ಪತ್ತೆ ಮಾಡುವ ಫಿಶ್ ಫೈಂಡರ್, ವೈರ್‌ಲೆಸ್ ಎಲ್ಲವೂ ಮೊಹರು ಮಾಡಿದ ಪೆಟ್ಟಿಗೆಗಳಲ್ಲಿ ಬರುತ್ತವೆ. ಕಡಲಿಗೆಂದೇ ಮಾಡುವ ತಂತಿಯಲ್ಲಿ ತಾಮ್ರಕ್ಕೆ ತವರದ ಲೇಪವಿರುತ್ತದೆ. ತೀರದ ಮನೆಯ ಛಾವಣಿಗೆ ಸಿಸಿಟಿವಿ ಕ್ಯಾಮೆರಾ ಕೂರಿಸುವವರು ಮೆಗಾಪಿಕ್ಸೆಲ್ ಎಣಿಸುವ ಮೊದಲು ತಂತಿಯ ಕೂಡುಜಾಗ ನೋಡಬೇಕಾದದ್ದು ಇದೇ ಕಾರಣಕ್ಕೆ. ಕ್ಯಾಮೆರಾಕ್ಕಿಂತ ಮೊದಲು ಸಾಯುವುದು ಕನೆಕ್ಟರ್.

ಸಿಡಿಲಿನ ಲೆಕ್ಕ

ಮುಂಗಾರಿಗೆ ಮುನ್ನ ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್–ನವೆಂಬರ್‌ನಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲು ಹೆಚ್ಚು. ಕಾರ್ಕಳದಿಂದ ಮಾಳ, ಹೆಬ್ರಿಯ ಕಡೆಗೆ ಹೋದಷ್ಟೂ ಅದರ ಬಿರುಸು ಜೋರು. ಮನೆಯ ಉಪಕರಣಗಳಿಗೆ ಅಪಾಯ ನೇರ ಬಡಿತಕ್ಕಿಂತ ಹೆಚ್ಚಾಗಿ ತಂತಿಯ ಮೂಲಕ ಹರಿದು ಬರುವ ಏರುವೋಲ್ಟೇಜಿನದು. ಎಲ್ಲೋ ದೂರದ ಕಂಬಕ್ಕೆ ಬಿದ್ದ ಸಿಡಿಲು ವಿದ್ಯುತ್ ತಂತಿ, ಕೇಬಲ್ ಟಿವಿ ತಂತಿ, ತಾಮ್ರದ ದೂರವಾಣಿ ತಂತಿ ಯಾವುದರಲ್ಲಾದರೂ ಒಳಗೆ ನುಗ್ಗಬಹುದು. ಹಳೆಯ ಬ್ರಾಡ್‌ಬ್ಯಾಂಡ್ ಕಾಲದಲ್ಲಿ ಮೋಡೆಮ್‌ಗಳು ಮಳೆಗಾಲಕ್ಕೊಂದರಂತೆ ಸುಟ್ಟದ್ದು ಹೀಗೆ. ಫೈಬರ್ ಬಂದ ಮೇಲೆ ಒಂದು ಬಾಗಿಲು ಮುಚ್ಚಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ರೌಟರಿನ ಅಡಾಪ್ಟರ್ ಎಂಬ ಇನ್ನೊಂದು ಬಾಗಿಲು ತೆರೆದೇ ಇದೆ.

ಸ್ಪೈಕ್ ಗಾರ್ಡ್ ಎಂಬ ಬಹುಮುಖಿ ಪ್ಲಗ್ ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಜನ್ಮಕ್ಕೆ ಸಾಕು ಎಂಬ ನಂಬಿಕೆ ಬಲವಾಗಿದೆ. ಆದರೆ ಅದರೊಳಗೆ ಏರುವೋಲ್ಟೇಜನ್ನು ಹೀರುವ ವೇರಿಸ್ಟರ್ ಪ್ರತಿ ಏಟಿಗೂ ಸವೆಯುತ್ತದೆ. ಪೂರ್ತಿ ಸವೆದ ಮೇಲೂ ಪೆಟ್ಟಿಗೆ ಮಾಮೂಲಿನಂತೆ ಕರೆಂಟು ಕೊಡುತ್ತದೆ, ರಕ್ಷಣೆ ಮಾತ್ರ ಕೊಡುವುದಿಲ್ಲ. ರಕ್ಷಣೆ ಇದೆ ಎಂದು ತೋರಿಸುವ ಸೂಚಕ ದೀಪ ಇರುವ ಪೆಟ್ಟಿಗೆಯನ್ನೇ ಆರಿಸಬೇಕಾದದ್ದು ಇದಕ್ಕೆ. ಮನೆಯ ಮುಖ್ಯ ಫಲಕದಲ್ಲೇ ಸರ್ಜ್ ರಕ್ಷಕ ಸಾಧನ ಹಾಕಿಸುವುದು ಇನ್ನೂ ಮೇಲು. ಎರಡಕ್ಕೂ ಆಧಾರ ಒಳ್ಳೆಯ ಅರ್ತಿಂಗ್. ಇಲ್ಲೊಂದು ಕರಾವಳಿಯ ಪೇಚು ಇದೆ: ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೊದಲ ಸಿಡಿಲು ಬರುವುದೂ ಅದೇ ಹೊತ್ತಿಗೆ. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಮಾರ್ಚ್‌ನಿಂದ ಆಗಾಗ ನೀರು ಹೊಯ್ಯುವ ರೂಢಿ ಹುಟ್ಟಿದ್ದು ಈ ಕಾರಣಕ್ಕೆ. ಗುಡುಗು ಹತ್ತಿರವಾದಾಗ ಪ್ಲಗ್ ಕಿತ್ತಿಡುವ ಅಜ್ಜಿಯ ಕ್ರಮವನ್ನು ಯಾವ ಉಪಕರಣವೂ ಇನ್ನೂ ಸೋಲಿಸಿಲ್ಲ.

ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿನ ಮಳೆಗಾಲದ ಮಾಮೂಲು. ಇಡೀ ಮನೆಗೆ ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಒಂದು ಮಾರ್ಗ. ರೌಟರ್ ಸಾಮಾನ್ಯವಾಗಿ ತಿನ್ನುವುದು 10–12 ವ್ಯಾಟ್ ಮಾತ್ರ, ಹಾಗಾಗಿ ಅಂಗೈಯಗಲದ ಬ್ಯಾಟರಿಯೇ ಅದನ್ನು ಎರಡು–ಮೂರು ತಾಸು ನಡೆಸುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಮನೆಯಿಂದ ಕೆಲಸ ಮಾಡುವವರು ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಹಿಡಿಯಲು ಇಷ್ಟೇ ಕಾರಣ ಸಾಕು.

ಮುರಕಲ್ಲಿನ ಗೋಡೆಯ ಆಚೆ

ಹಳೆಯ ಗುತ್ತಿನ ಮನೆಗಳ, ತರವಾಡು ಮನೆಗಳ ಗೋಡೆ ಒಂದೂವರೆ ಅಡಿ ದಪ್ಪದ ಮುರಕಲ್ಲು ಇಲ್ಲವೇ ಮಣ್ಣಿನದು. ಸೆಕೆಗೆ ತಂಪು, ವೈಫೈಗೆ ಕೋಟೆ. 5 ಗಿಗಾಹರ್ಟ್ಸ್ ಅಲೆ ವೇಗವುಳ್ಳದ್ದಾದರೂ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹೆಚ್ಚು, ಅದು ನಿಧಾನವಾದರೂ ಹೇಗೋ ತಲುಪುತ್ತದೆ. ಕೊಂಬುಗಳು ಜಾಸ್ತಿ ಇರುವ ದುಬಾರಿ ರೌಟರ್ ತಂದು ಚಾವಡಿಯಲ್ಲಿಟ್ಟರೆ ಈ ಲೆಕ್ಕ ಬದಲಾಗದು. ಚಾವಡಿಯಿಂದ ಒಳಕೋಣೆಗೆ ಒಂದು ಈಥರ್ನೆಟ್ ತಂತಿ ಎಳೆದು ಅಲ್ಲಿ ಎರಡನೆಯ ಅಗ್ಗದ ಆಕ್ಸೆಸ್ ಪಾಯಿಂಟ್ ಇಟ್ಟರೆ ಬದಲಾಗುತ್ತದೆ. ನಿಸ್ತಂತು ಮೆಶ್ ವ್ಯವಸ್ಥೆಯೂ ಇಂಥಲ್ಲಿ ತಂತಿಯ ಬೆನ್ನೆಲುಬು ಇದ್ದರೇ ಚೆನ್ನ.

ಘಟ್ಟದ ಬುಡದ ಹಳ್ಳಿಗಳಲ್ಲಿ ಗುಡ್ಡದ ಮರೆಯಿಂದಾಗಿ ಮೊಬೈಲ್ ಸಿಗ್ನಲ್ ತೆಳು. ಫೈಬರ್ ಮನೆಗೆ ಬಂದಿದ್ದರೆ ವೈಫೈ ಕರೆಯೇ ಪರಿಹಾರ. ಭಾರತದಲ್ಲಿ ಈ ಸೌಲಭ್ಯ 2019ರ ಕೊನೆಯಿಂದ ಸಿಗುತ್ತಿದೆ. ಫೋನು ಕೊಳ್ಳುವಾಗ ಅದು ತಮ್ಮ ಸಿಮ್ ಕಂಪನಿಯ ವೈಫೈ ಕರೆಗೆ ಹೊಂದುತ್ತದೆಯೇ ಎಂದು ಕೇಳುವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವುದಕ್ಕಿಂತ ಇಂಥ ಊರುಗಳಲ್ಲಿ ಉಪಯೋಗದ ಪ್ರಶ್ನೆ.

ಹೊಸದೋ, ಹಳೆಯದೋ

ಮಣಿಪಾಲ ತಾಂತ್ರಿಕ ಸಂಸ್ಥೆ ಶುರುವಾದದ್ದು 1957ರಲ್ಲಿ. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದು ಇಲ್ಲೇ. ದೇಶದ ಎಲ್ಲ ಮೂಲೆಗಳಿಂದ ಬಂದು ನಾಲ್ಕು ವರ್ಷಕ್ಕೆ ಹೊರಟುಹೋಗುವ ವಿದ್ಯಾರ್ಥಿಗಳ ಊರಿನಲ್ಲಿ ಮಾನಿಟರು, ಕೀಲಿಮಣೆ, ಹೆಡ್‌ಫೋನು, ಲ್ಯಾಪ್‌ಟಾಪು ಕೈಯಿಂದ ಕೈಗೆ ದಾಟುವುದು ಸಹಜ. ಬಳಸಿದ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್ ಹೆಸರಿಗಿಂತ ಮೊದಲು ನೋಡಬೇಕಾದ ಜಾಗಗಳಿವೆ. ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ, ಎಸ್‌ಎಸ್‌ಡಿಯ ಆರೋಗ್ಯ ಎಷ್ಟು, ಕೀಲು ಬಿಗಿಯಾಗಿದೆಯೇ, ಯುಎಸ್‌ಬಿ ಬಾಯಿಗಳಲ್ಲಿ ಹಸಿರು ಕಿಲುಬು ಇದೆಯೇ. ಕೊನೆಯದು ಕರಾವಳಿಗೇ ಮೀಸಲಾದ ಪರೀಕ್ಷೆ.

ವಿಂಡೋಸ್ 10ಕ್ಕೆ ಮಾಮೂಲು ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸುಮಾರು 2018ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು ಅದರ ಪಟ್ಟಿಯಿಂದ ಹೊರಗೆ. ಯಂತ್ರ ಕೆಟ್ಟಿಲ್ಲ, ತಂತ್ರಾಂಶ ಕೈಬಿಟ್ಟಿದೆ. ಇಂಥ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ, 8 ಜಿಬಿ ರ‍್ಯಾಮ್ ಮಾಡಿ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಕೂರಿಸಿದರೆ ಬರವಣಿಗೆ, ಬ್ಯಾಂಕು, ಸಿನಿಮಾ, ಮಕ್ಕಳ ಪಾಠಕ್ಕೆ ಇನ್ನೂ ಕೆಲವು ವರ್ಷ ಧಾರಾಳವಾಗಿ ನಡೆಯುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡಕ್ಕೂ ಕನ್ನಡದ ಮುಖವೂ ಇದೆ. ಕದ್ದ ಸಾಫ್ಟ್‌ವೇರ್‌ನ ‘ಕ್ರ್ಯಾಕ್’ ಹುಡುಕುವುದಕ್ಕಿಂತ ಇದು ಅಗ್ಗ ಮಾತ್ರವಲ್ಲ, ಸುರಕ್ಷಿತ ಕೂಡ. ಅಂಥ ಕ್ರ್ಯಾಕ್‌ಗಳ ಬೆನ್ನಿಗೇ ವೈರಸ್‌ಗಳೂ ಒಳಗೆ ಬರುತ್ತವೆ.

ಗುಂಪಿನೊಡನೆ ಹೋಗದ ಆಯ್ಕೆಗೆ ಉಡುಪಿಯಲ್ಲೇ ಒಂದು ಉದಾಹರಣೆ ಇದೆ. 1996ರಲ್ಲಿ ರೋಹಿತ್ ಭಟ್ ಇಲ್ಲಿ ರೋಬೋಸಾಫ್ಟ್ ಕಂಪನಿ ಆರಂಭಿಸಿದಾಗ ಕೈಗೆತ್ತಿಕೊಂಡದ್ದು ಮ್ಯಾಕ್ ತಂತ್ರಾಂಶ. ಆಗ ಆಪಲ್ ಭಾರೀ ನಷ್ಟದಲ್ಲಿತ್ತು, ಎಲ್ಲರ ಕಣ್ಣು ವಿಂಡೋಸ್ ಮೇಲಿತ್ತು. ಅದೇ ನೆಲದಿಂದ 2008ರಲ್ಲಿ 99ಗೇಮ್ಸ್ ಹುಟ್ಟಿತು. ಅದರ ‘ಸ್ಟಾರ್ ಶೆಫ್’ ಆಟ ಪ್ರಪಂಚದ ಫೋನುಗಳಿಗೆ ಹೋಯಿತು. ರೋಬೋಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೊಪ್ರೊ ಕೊಂಡುಕೊಂಡಿತು.

ಎಂಟು ಒತ್ತೋ, ಆರು ಒತ್ತೋ

ಕನ್ನಡದಲ್ಲಿ ಬರೆಯುವವರಿಗೆ ಪ್ರೊಸೆಸರ್‌ಗಿಂತ ಹೆಚ್ಚು ದಿನ ಜೊತೆಗಿರುವುದು ಕೀಲಿಮಣೆಯ ವಿನ್ಯಾಸ. ರಾಜ್ಯ ಸರ್ಕಾರ ಮಾನ್ಯ ಮಾಡಿದ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರದು. ಮಣಿಪಾಲದೊಡನೆ ದೀರ್ಘ ನಂಟಿರುವ ಅವರು ಕನ್ನಡದ ಆರಂಭದ ಪದಸಂಸ್ಕಾರಕಗಳಲ್ಲೊಂದನ್ನು ರೂಪಿಸಿ, ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು, ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುನ್ನಡೆಸಿದ್ದು ಅವರದೇ ವಿನ್ಯಾಸವನ್ನು. 1998ರಲ್ಲಿ ಶೇಷಾದ್ರಿವಾಸು ತಂದ ‘ಬರಹ’ ಇಂಗ್ಲಿಷ್ ಕಾಗುಣಿತದಲ್ಲಿ ಒತ್ತುವ ದಾರಿಯನ್ನು ಮನೆಮನೆಗೆ ಮುಟ್ಟಿಸಿತು.

ಎರಡರ ವ್ಯತ್ಯಾಸ ಒಂದು ಪದದಲ್ಲೇ ಕಾಣುತ್ತದೆ. ‘ಮಣಿಪಾಲ’ ಎಂದು ಲಿಪ್ಯಂತರ ಕ್ರಮದಲ್ಲಿ ಒತ್ತಲು ಪ್ರತಿ ವ್ಯಂಜನಕ್ಕೂ ಅದರ ಸ್ವರವನ್ನು ಸೇರಿಸಬೇಕು. ಒಟ್ಟು ಎಂಟು ಕೀಲಿ. ರಾವ್ ವಿನ್ಯಾಸದಲ್ಲಿ ವ್ಯಂಜನದೊಳಗೆ ‘ಅ’ಕಾರ ಮೊದಲೇ ಕೂತಿದೆ. ‘ಎಂ’, ಶಿಫ್ಟ್ ಹಿಡಿದು ‘ಎನ್’, ‘ಐ’, ‘ಪಿ’, ಶಿಫ್ಟ್ ಹಿಡಿದು ‘ಎ’, ‘ಎಲ್’: ಆರು ಕೀಲಿಗೆ ಪದ ಮುಗಿಯಿತು. ‘ಕಾರ್ಕಳ’ದ ಅರ್ಕಾವತ್ತಿಗೆ ‘ಎಫ್’ ಕೀಲಿ. ಅದು ಅರ್ಧಾಕ್ಷರದ ಕೊಂಡಿ. ಕನ್ನಡದ ವರ್ಣಮಾಲೆಯ ತರ್ಕವನ್ನೇ ಇಲ್ಲಿ ಬೆರಳಿಗೆ ಇಳಿಸಲಾಗಿದೆ. ತೊಂದರೆ ಇಲ್ಲವೆಂದಲ್ಲ. ‘ಟ’ ಇರುವುದು ‘ಕ್ಯು’ನಲ್ಲಿ, ‘ಡ’ ಇರುವುದು ‘ಡಬ್ಲ್ಯು’ನಲ್ಲಿ, ‘ಷ’ ಇರುವುದು ‘ಎಕ್ಸ್’ನಲ್ಲಿ, ಹೊಸಬರು ಇವನ್ನು ಬಾಯಿಪಾಠ ಮಾಡಲೇಬೇಕು. ‘ಉಡುಪಿ’ಗೆ ಎರಡೂ ದಾರಿಯಲ್ಲಿ ಐದೇ ಕೀಲಿ. ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ ಲಿಪ್ಯಂತರವೋ ಫೋನಿನ ಧ್ವನಿ ಟೈಪಿಂಗೋ ಸಾಕು. ಪುಟಗಟ್ಟಲೆ ಬರೆಯುವವರ ಬೆರಳಿಗೆ ರಾವ್ ವಿನ್ಯಾಸವೇ ಹಿತ. ಕುಂದಾಪುರ ಕನ್ನಡ, ತುಳು ಬರೆಯುವವರು ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ: ಫೋನಿನ ಸ್ವಯಂತಿದ್ದುಪಡಿಯನ್ನು ನಿಲ್ಲಿಸುವುದು. ಅದಕ್ಕೆ ಗೊತ್ತಿರುವುದು ಗ್ರಂಥಸ್ಥ ಕನ್ನಡ ಮಾತ್ರ, ‘ಮಾರಾಯ್ರೆ’ ಕೂಡ ಅದಕ್ಕೆ ತಪ್ಪಾಗಿ ಕಂಡೀತು.

ಅಕ್ಷರದ ಒಳಗಿನ ಸಂಖ್ಯೆ

ಹಳೆಯ ನುಡಿ, ಬರಹ ಕಡತಗಳಲ್ಲಿ ಕಂಪ್ಯೂಟರಿನೊಳಗೆ ಇರುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ಫಾಂಟ್ ಮುಖವಾಡ ಹಾಕುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಬುಡವಿಲ್ಲದ ಗುರುತುಗಳ ಸಾಲು. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆ ಅದು ಸಾಮಾನ್ಯ ಬಳಕೆಗೆ ಇಳಿಯಿತು. ಅಚ್ಚಿನ ಕೆಲಸದಲ್ಲಿ ಇಂದಿಗೂ ಹಳೆಯ ಸಂಕೇತದ ಫಾಂಟ್‌ಗಳು ಉಳಿದಿವೆ, ಪರಿವರ್ತಕ ತಂತ್ರಾಂಶಗಳೂ ಸಿಗುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷ ಹಿಂದಿನ ಕವಿತೆಯೋ ಪಂಚಾಯತಿ ಅರ್ಜಿಯೋ ಇದ್ದರೆ, ಆ ಫಾಂಟ್ ಸಿಗುವಾಗಲೇ ಯುನಿಕೋಡಿಗೆ ತಿರುಗಿಸಿಡುವುದು ಜಾಣತನ. ‘ಸಾಫ್ಟ್‌ವೇರ್’ ಎಂಬ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತು ‘ವ’ಕಾರ ಒತ್ತಾಗದಂತೆ ತಡೆಯುತ್ತದೆ, ಪರಿವರ್ತನೆಯಲ್ಲಿ ಮೊದಲು ಕಳೆದುಹೋಗುವುದು ಅದೇ. ತಿರುಗಿಸಿದ ಮೇಲೆ ಒಮ್ಮೆ ಓದಿ ನೋಡಬೇಕಾದದ್ದು ಹೀಗಾಗಿ.

ತುಳುವಿನ ದಾರಿ ಇನ್ನೂ ಉದ್ದ. ತುಳು ವಿಕಿಪೀಡಿಯ 2016ರಲ್ಲಿ ಕನ್ನಡ ಲಿಪಿಯಲ್ಲಿ ಶುರುವಾಯಿತು. ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿದ್ದು 2024ರ ಜೂನ್‌ನಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯುನಿಕೋಡ್ 16.0 ‘ತುಳು–ತಿಗಳಾರಿ’ ಲಿಪಿಗೆ ಜಾಗ ಕೊಟ್ಟಿತು. ಅದಕ್ಕೂ ಮೊದಲಿನ ತುಳು ಫಾಂಟ್‌ಗಳಲ್ಲಿ ಹಲವು ಕನ್ನಡದ ಸಂಖ್ಯೆಗಳ ಮೇಲೆ ತುಳು ಆಕಾರ ಹೊದೆಸಿದವು, ನುಡಿಯ ಹಳೆಯ ಕಡತಗಳ ಕತೆಯೇ ಮತ್ತೊಮ್ಮೆ. ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ ಕೂಡಲೇ ಫೋನಿನಲ್ಲಿ ಅಕ್ಷರ ಮೂಡುವುದಿಲ್ಲ. ಫಾಂಟು, ಕೀಲಿಮಣೆ, ಕಾರ್ಯಾಚರಣೆ ವ್ಯವಸ್ಥೆಯ ಬೆಂಬಲ ಮೂರೂ ಹಿಂದೆಯೇ ಬರಬೇಕು.

ಆಟ, ಹಾಡು, ಸಿನಿಮಾ

ಕರಾವಳಿಯ ಮನೆಗಳಲ್ಲಿ ಯಕ್ಷಗಾನದ ಕ್ಯಾಸೆಟ್ ಕಟ್ಟು ಈಗಲೂ ಸಿಗುತ್ತದೆ. ಟೇಪಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಅದನ್ನು ಡಿಜಿಟಲ್‌ಗೆ ಇಳಿಸುವ ಕೆಲಸಕ್ಕೆ ಗಡುವು ಇದೆ. ಸಿಡಿ ಗುಣಮಟ್ಟದ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಸುಮಾರು 10.6 ಎಂಬಿ ತಿನ್ನುತ್ತದೆ. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 950 ಎಂಬಿ. ರಾತ್ರಿಯಿಡೀ ನಡೆಯುವ ಒಂಬತ್ತು ತಾಸಿನ ಯಕ್ಷಗಾನದ ಆಟಕ್ಕೆ 5.7 ಜಿಬಿ. ಅದೇ ಆಟ 128 ಕೆಬಿಪಿಎಸ್ ಎಂಪಿ3ಯಲ್ಲಿ ಅರ್ಧ ಜಿಬಿಗೆ ಮುಗಿಯುತ್ತದೆ, ಆದರೆ ಚೆಂಡೆಯ ಪೆಟ್ಟಿನ ಮೊನಚು, ಚಕ್ರತಾಳದ ಮೇಲಿನ ಸದ್ದು ಮೊದಲು ಮಸುಕಾಗುತ್ತವೆ. ಎಂಪಿ3ಯಿಂದ ಮತ್ತೆ ಮೂಲಕ್ಕೆ ದಾರಿಯಿಲ್ಲ. ಫ್ಲಾಕ್ ಎಂಬ ಮುಕ್ತ ಮಾದರಿ ಏನನ್ನೂ ಕಳೆಯದೆ ಗಾತ್ರವನ್ನು ಅರ್ಧದ ಹತ್ತಿರಕ್ಕೆ ತರುತ್ತದೆ. ಇಡಲು ಫ್ಲಾಕ್, ಹಂಚಲು ಎಂಪಿ3 ಎಂಬುದು ಸರಳ ನಿಯಮ. ಸಾಂಸ್ಥಿಕವಾಗಿ ಇಂಥ ಕೆಲಸಕ್ಕೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಮಾದರಿ. ಯಕ್ಷಗಾನ, ಭೂತಾರಾಧನೆ, ಪಾಡ್ದನಗಳ ಧ್ವನಿ, ದೃಶ್ಯ ದಾಖಲೆ ಅಲ್ಲಿ ಫೋನು ಕ್ಯಾಮೆರಾಗಳ ಕಾಲಕ್ಕಿಂತ ಬಹಳ ಮೊದಲೇ ನಡೆದಿದೆ.

ಚಂದಾ ಕಟ್ಟಿ ನೋಡುವ ಮಾಧ್ಯಮದ ಗುಣ ಬೇರೆ. ಅದಕ್ಕೆ ಸಾಕ್ಷಿ ಈ ಜಿಲ್ಲೆಯದೇ ಸಿನಿಮಾ. ಕುಂದಾಪುರ ಬಳಿಯ ಕೆರಾಡಿಯ ರಿಷಬ್ ಶೆಟ್ಟಿ ಅವರ ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ತೆರೆಗೆ ಬಂದು, ನವೆಂಬರ್ 24ಕ್ಕೆ ಪ್ರೈಮ್ ವಿಡಿಯೊಗೆ ಬಂತು. ಮನೆಯಲ್ಲಿ ಕೂತು ನೋಡಿದವರಿಗೆ ‘ವರಾಹ ರೂಪಂ’ ಹಾಡಿನ ಧಾಟಿಯೇ ಬೇರೆಯಾಗಿ ಕೇಳಿಸಿತು. ಕೃತಿಸ್ವಾಮ್ಯದ ವ್ಯಾಜ್ಯ ನ್ಯಾಯಾಲಯದಲ್ಲಿದ್ದ ಕಾರಣ ಹಾಡು ಬದಲಾಗಿತ್ತು. ಮುಂದೆ ಮೂಲ ಧಾಟಿ ಮರಳಿತು. ಎರಡು ಸಲವೂ ಬದಲಾವಣೆ ನಡೆದದ್ದು ಸರ್ವರ್‌ನಲ್ಲಿ. ಚಂದಾದಾರರ ಕೈಯಲ್ಲಿ ಇದ್ದದ್ದು ನೋಡುವ ಅನುಮತಿಯೇ ಹೊರತು ಪ್ರತಿಯಲ್ಲ. ತೀರಾ ಇಷ್ಟವಾದ ಹಾಡನ್ನು ದುಡ್ಡು ಕೊಟ್ಟು, ಬೀಗವಿಲ್ಲದ ಕಡತವಾಗಿ ಕೊಳ್ಳಲು ಸಿಗುವಲ್ಲಿ ಕೊಂಡಿಡುವವರ ಲೆಕ್ಕಾಚಾರ ಇದು.

ಮೂರು ಪ್ರತಿ

ಫೋನಿನಲ್ಲಿ ತೆಗೆದ 4ಕೆ ದೃಶ್ಯ ಅಡಕ ಮಾದರಿಯಲ್ಲೂ ನಿಮಿಷಕ್ಕೆ ಸುಮಾರು 170 ಎಂಬಿ. ಗೂಗಲ್ ಖಾತೆಯ ಉಚಿತ 15 ಜಿಬಿ ಒಂದು ಭೂತಕೋಲದ ಒಂದೂವರೆ ತಾಸಿಗೆ ತುಂಬಿಹೋಗುತ್ತದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ಪೆನ್‌ಡ್ರೈವ್ ಸಾಗಿಸಲು ಸರಿ, ಕಾಪಿಡಲು ಅಲ್ಲ. ವರ್ಷಗಟ್ಟಲೆ ಕರೆಂಟು ಕಾಣದ ಎಸ್‌ಎಸ್‌ಡಿಯಲ್ಲೂ ದತ್ತಾಂಶ ನಿಧಾನವಾಗಿ ಸೋರಿಹೋಗಬಹುದು. ಹಾರ್ಡ್ ಡಿಸ್ಕ್ ದೀರ್ಘಕಾಲಕ್ಕೆ ಅಗ್ಗ, ಆದರೆ ಅದನ್ನು ಜೆಲ್ ಡಬ್ಬಿಯಲ್ಲಿಟ್ಟು, ವರ್ಷಕ್ಕೆರಡು ಸಲ ತೆರೆದು ನೋಡಬೇಕು.

ಜಗತ್ತು ಒಪ್ಪಿದ ಸೂತ್ರ ಮೂರು–ಎರಡು–ಒಂದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ. ಕರಾವಳಿಯ ಬಹುತೇಕ ಕುಟುಂಬಗಳಿಗೆ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ. ರಜೆಗೆ ಬಂದವರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಪಾಸ್‌ವರ್ಡ್ ಹಾಕಿದ ಒಂದು ಡಿಸ್ಕ್ ಕಳಿಸಿದರೆ ಮೂರನೆಯ ಪ್ರತಿಯ ಚಿಂತೆ ಮುಗಿಯಿತು.

ಈ ಸೂತ್ರ ಇಲ್ಲಿಗೆ ಹೊಸದೂ ಅಲ್ಲ. ಉಡುಪಿಯ ಮಠಗಳು, ಕಾರ್ಕಳ ಸೀಮೆಯ ಜೈನ ಮನೆತನಗಳು ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಹುಳ ಬಾರದಂತೆ ನೋಡಿಕೊಂಡರೂ, ಗರಿ ಮುರಿಯತೊಡಗಿದಾಗ ಹೊಸ ಗರಿಗೆ ನಕಲು ಮಾಡಿಸುವುದೇ ಗ್ರಂಥ ಉಳಿಸುವ ಕೊನೆಯ ಉಪಾಯವಾಗಿತ್ತು. ತುಳುವಿನ ‘ಶ್ರೀ ಭಾಗವತೊ’, ‘ಕಾವೇರಿ’ ಕಾವ್ಯಗಳು ಹೀಗೆ ಗರಿಯಲ್ಲಿ ಉಳಿದು, ವೆಂಕಟರಾಜ ಪುಣಿಂಚತ್ತಾಯರ ಸಂಪಾದನೆಯಲ್ಲಿ ಕಳೆದ ಶತಮಾನದಲ್ಲಿ ಅಚ್ಚು ಕಂಡವು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು 1979ರಲ್ಲಿ ಶುರುವಾಗಿ, ಯು.ಪಿ. ಉಪಾಧ್ಯಾಯರ ನೇತೃತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಬಂತು. ಗರಿ, ಕಾಗದ, ಟೇಪು, ಡಿಸ್ಕು ಎಂದು ಆಧಾರ ಬದಲಾಗುತ್ತ ಬಂದಿದೆ, ನಕಲು ಮಾಡುವ ಕೆಲಸ ಬದಲಾಗಿಲ್ಲ. ಹೊಸ ಫೋನು ತಂದ ದಿನ ಹಳೆಯದರ ಕಡತಗಳನ್ನು ಮುಕ್ತ ಮಾದರಿಯಲ್ಲಿ, ಯುನಿಕೋಡಿನಲ್ಲಿ ಇಳಿಸಿ, ಸರಿಯಾಗಿ ತೆರೆಯುತ್ತವೆಯೇ ನೋಡಿ, ಆಮೇಲೆ ಹಳೆಯದನ್ನು ಇ–ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟರೆ ಆ ಕೊಳ್ಳುವಿಕೆಯ ಕೆಲಸ ಪೂರ್ತಿಯಾದಂತೆ.